ಮೈದುನನ ಮನೆಯ ನೀರುಹುಲ್ಲು

ನನ್ನ ಮೈದುನ ಗಚ್ಚಿಬೌಲಿಯ ಹೊಸ ಫ್ಲ್ಯಾಟಿನಲ್ಲಿ ಆರು ಅಡಿ ಉದ್ದದ ಗಾಜಿನ ತೊಟ್ಟಿ ಕೂರಿಸಿದ್ದಾನೆಂಬ ಸುದ್ದಿ ತಂದವರು ನನ್ನ ಗಂಡ. ನಾನು ಅಡುಗೆಮನೆಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದೆ. ತಲೆ ಎತ್ತಲಿಲ್ಲ. ಮೈದುನನ ಹುಚ್ಚುಗಳಿಗೆ ತಲೆ ಎತ್ತುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಹಿಂದಿನ ವರ್ಷ ಅವನು ಕುದುರೆ ಸವಾರಿ ಕಲಿಯಲು ಹೋಗಿ ಬೆನ್ನು ಹಿಡಿಸಿಕೊಂಡು ಬಂದಿದ್ದ. ಅದಕ್ಕೂ ಮೊದಲು ಬಾಲ್ಕನಿಯ ತುಂಬ ಬೋನ್ಸಾಯ್ ಇಟ್ಟು ಎಲ್ಲವನ್ನೂ ಒಂದೇ ಬೇಸಿಗೆಯಲ್ಲಿ ಒಣಗಿಸಿದ್ದ.

"ಮೀನ ಸಾಕಾಕಲ್ಲ, ಗಿಡ ಬೆಳಸಾಕ," ಅಂದರು ಗಂಡ. "ನೀರೊಳಗಿನ ಗಿಡ. ನಿನ್ನ ಸಬ್ಜೆಕ್ಟ್ ಅಲ್ಲೇನು? ರವಿವಾರ ಊಟಕ್ಕ ಕರದಾನ. ನೀ ಬರಾಕಬೇಕಂತ."

ನನ್ನ ಸಬ್ಜೆಕ್ಟ್. ಕಾಚಿಗೂಡದ ಹತ್ತಿರದ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಸಸ್ಯಶಾಸ್ತ್ರ ಕಲಿಸಿದವಳು ನಾನು. ಮದುವೆಯಾಗಿ ಕಲಬುರ್ಗಿಯಿಂದ ಈ ಮನೆಗೆ ಬಂದ ವರ್ಷ ಮೈದುನ ಇಂಟರ್ ಓದುತ್ತಿದ್ದ. ಅತ್ತೆಯವರು ಅವನನ್ನು ನನ್ನ ಮುಂದೆ ಕೂರಿಸಿ ಜೀವಶಾಸ್ತ್ರ ಹೇಳಿಕೊಡು ಅಂದಿದ್ದರು. ಎರಡು ವಾರ ಕೂತ. ಮೂರನೆಯ ವಾರ ಪುಸ್ತಕ ಮುಚ್ಚಿ, "ವೈನಿ, ಹುಲ್ಲು ಓದಿ ಏನ ಮಾಡೂದೈತಿ? ಡಾಕ್ಟರ್ ಸೀಟು ಸಿಗಲಾರದವರು ಓದೂದ ಇದನ್ನ," ಎಂದು ಎದ್ದುಹೋದ. ನನಗೆ ಡಾಕ್ಟರ್ ಸೀಟು ಸಿಕ್ಕಿರಲಿಲ್ಲ. ಅದು ಅವನಿಗೆ ಗೊತ್ತಿತ್ತು.

ಆಮೇಲೆ ಅವನು ಜಾಗದ ವ್ಯವಹಾರಕ್ಕೆ ಇಳಿದ. ನಗರದಾಚೆ ಒಂದು ಕೆರೆ ಇತ್ತು. ನಾವು ಪ್ರತಿವರ್ಷ ವಿದ್ಯಾರ್ಥಿನಿಯರನ್ನು ಬಸ್ಸಿನಲ್ಲಿ ಕರೆದೊಯ್ದು, ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ಅದರ ದಂಡೆಯಲ್ಲಿ ನೀರುಗಿಡ ಕೀಳುತ್ತಿದ್ದೆವು. ಆ ಕೆರೆಯ ಅರ್ಧಕ್ಕೆ ಮಣ್ಣು ತುಂಬಿ ಅದರ ಮೇಲೆ ಮನೆಗಳೆದ್ದವು. ಆ ಮನೆಗಳಿಗೆ 'ಲೇಕ್ ವ್ಯೂ' ಎಂದು ಹೆಸರಿಟ್ಟು ಮಾರಿದವರಲ್ಲಿ ನನ್ನ ಮೈದುನನೂ ಒಬ್ಬ. ಇದನ್ನು ಅವನು ಊಟದ ಹೊತ್ತಿನಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. ನನ್ನ ತಿರಸ್ಕಾರಕ್ಕೆ ಕಾರಣ ಹುಡುಕಬೇಕಾದವರು ಇಷ್ಟು ತಿಳಿದರೆ ಸಾಕು.

ಆ ರವಿವಾರ ಹೋದೆವು. ತೊಟ್ಟಿಯನ್ನು ಊಟದ ಕೋಣೆಗೂ ಹಾಲಿಗೂ ನಡುವೆ ಗೋಡೆಯ ಹಾಗೆ ನಿಲ್ಲಿಸಿದ್ದ. ಮೇಲಿನಿಂದ ಆಪರೇಷನ್ ಥಿಯೇಟರಿನಂಥ ಬೆಳಕು. ಕೆಳಗಿನ ಕಪಾಟಿನಲ್ಲಿ ಗಿಡಕ್ಕೆ ಇಂಗಾಲದ ಡೈಆಕ್ಸೈಡ್ ಉಣಿಸುವ ಗ್ಯಾಸ್ ಸಿಲಿಂಡರ್, ಅದರಿಂದ ನಳಿಕೆ, ನಳಿಕೆಯ ತುದಿಗೆ ಗುಳ್ಳೆ. ಗುಳ್ಳೆಗಳ ನಡುವೆ ಹತ್ತಿಪ್ಪತ್ತು ಸಣ್ಣ ಮೀನುಗಳು ಎಲ್ಲಿ ಹೋಗಬೇಕೆಂದು ತಿಳಿಯದೆ ಒಂದೇ ಮೂಲೆಯಲ್ಲಿ ಗುಂಪುಗೂಡಿದ್ದವು.

"ಬರ್ರಿ ವೈನಿ, ನೋಡ್ರಿ," ಎಂದು ಮೈದುನ ನನ್ನ ಕೈಹಿಡಿದೇ ಎಳೆದ. "ನಿಸರ್ಗಾನ ಮನಿಯೊಳಗ ತಂದು ಕೂಡಿಸೀನಿ. ಹಿಂದ ಎಲ್ಲಾ ಎತ್ತರದ ಹುಲ್ಲು ಬರ್ತೈತಿ. ಗಾಳಿಗೆ ಜೋಳದ ಹೊಲ ಹೆಂಗ ಆಡತೈತಿ, ಹಂಗ ನೀರಾಗ ಆಡಬೇಕು. ಕನ್ಸಲ್ಟೆಂಟ್ ಇಟ್ಟೀನಿ ಇದಕ್ಕ."

ಜೋಳದ ಹೊಲವನ್ನು ಅವನು ರೈಲಿನ ಕಿಟಕಿಯಿಂದಲ್ಲದೆ ಎಲ್ಲೂ ಕಂಡವನಲ್ಲ.

ಆ ಕನ್ಸಲ್ಟೆಂಟ್ ಅಲ್ಲೇ ಇದ್ದ. ನಲವತ್ತರ ಆಸುಪಾಸಿನ ಆಸಾಮಿ. ಮೊದಲು ಮದುವೆ ಮಂಟಪಗಳಿಗೆ ಹೂವಿನ ಅಲಂಕಾರ ಮಾಡುತ್ತಿದ್ದನಂತೆ. ಈಗ ಶ್ರೀಮಂತರ ಮನೆಗಳಿಗೆ ನೀರೊಳಗಿನ ಅಲಂಕಾರ. ತೊಟ್ಟಿಯ ಹಿಂಬದಿಯಲ್ಲಿ ಅವನು ನೆಟ್ಟಿದ್ದ ಹುಲ್ಲನ್ನು ನೋಡಿದ ತಕ್ಷಣ ಗುರುತು ಹಿಡಿದೆ. ವ್ಯಾಲಿಸ್ನೇರಿಯ. ರಿಬ್ಬನ್ನಿನಂಥ ಉದ್ದ ಎಲೆ, ಕಾಂಡವೇ ಇಲ್ಲ, ಎಲ್ಲ ಎಲೆಗಳೂ ಬುಡದ ಒಂದೇ ಗಂಟಿನಿಂದ ಹೊರಡುತ್ತವೆ. ನಮ್ಮ ದೇಶದ ಕೆರೆಕುಂಟೆಗಳಲ್ಲಿ ಯಾರ ಹಂಗೂ ಇಲ್ಲದೆ ಬೆಳೆಯುವ ಗಿಡ. ಅದನ್ನು ಈ ಪುಣ್ಯಾತ್ಮ ಐದೈದರ ಕಟ್ಟು ಕಟ್ಟಿ, ಸೀಸದ ತಂತಿ ಸುತ್ತಿ, ಕೊತ್ತಂಬರಿ ಸಿವುಡಿನ ಹಾಗೆ ಕುತ್ತಿಗೆಯವರೆಗೂ ಮರಳಲ್ಲಿ ಹೂತಿದ್ದ. ಸಾಲದ್ದಕ್ಕೆ ತುದಿಗಳನ್ನೆಲ್ಲ ಕತ್ತರಿಯಿಂದ ಒಂದೇ ಮಟ್ಟಕ್ಕೆ ಕತ್ತರಿಸಿದ್ದ.

"ಕುತ್ತಿಗೆ ಹೂತರೆ ಕೊಳೆಯುತ್ತದೆ," ಎಂದು ನಾನು ಅವನಿಗೆ ಹಿಂದಿಯಲ್ಲಿ ಹೇಳಿದೆ. "ಕಟ್ಟು ಬಿಚ್ಚಿ ಒಂದೊಂದಾಗಿ ನೆಡಬೇಕು. ಈ ಎಲೆಯನ್ನು ಅಡ್ಡ ಕತ್ತರಿಸಿದರೆ ಅದು ಮೇಲಿನಿಂದ ಸಾಯುತ್ತ ಬರುತ್ತದೆ. ನೀರು ಯಾವುದು?"

"ಆರ್‌ಓ ನೀರು ಮೇಡಂ. ಪ್ಯೂರ್."

"ಈ ಗಿಡಕ್ಕೆ ಗಡಸು ನೀರು ಬೇಕು. ಬೋರಿನದು ಹಾಕಿ."

ಅವನು ನಕ್ಕ. ಮದುವೆಮನೆಯಲ್ಲಿ ಅಜ್ಜಿಯೊಬ್ಬಳು ಮಂಟಪದ ಹೂವಿನ ಬಗ್ಗೆ ತಕರಾರು ತೆಗೆದಾಗ ನಗುವ ನಗೆ ಅದು. "ಟೆನ್ಶನ್ ನಕ್ಕೋ ಮೇಡಂ, ಸಬ್ ಸೆಟ್ ಹೋ ಜಾತಾ," ಅಂದ. ಚಿಂತೆ ಬೇಡವಂತೆ, ಎಲ್ಲ ತಾನಾಗಿ ಸರಿಹೋಗುವುದಂತೆ. ಮೈದುನನೂ ಅವನ ಜೊತೆ ನಕ್ಕ. "ನಮ್ಮ ವೈನಿ ಹಳೇ ಕಾಲದ ಟೀಚರ್ರು," ಎಂದು ಅವನಿಗೆ ಸಮಜಾಯಿಷಿ ಕೊಟ್ಟ.

ನಾನು ಊಟಕ್ಕೆ ಕೂತೆ. ಬಹಳ ಖುಷಿಯಿಂದ ಉಂಡೆ. ಒಂದು ತಿಂಗಳೊಳಗೆ ಆ ತೊಟ್ಟಿಯಲ್ಲಿ ಏನಾಗುತ್ತದೆಂದು ಆ ಮನೆಯಲ್ಲಿ ನನಗೊಬ್ಬಳಿಗೇ ತಿಳಿದಿತ್ತು.

ಆಗಿದ್ದು ಇನ್ನೂ ಬೇಗ. ಎಲೆಗಳು ಕಂದಿದವು, ಕಂದಿದ್ದರ ಮೇಲೆ ಪಾಚಿ ಕೂತಿತು. ಪಾಚಿ ಕೊಲ್ಲಲು ಕನ್ಸಲ್ಟೆಂಟ್ ಒಂದು ಬಾಟಲಿ ತಂದ. ಗಂಡನ ಒತ್ತಾಯಕ್ಕೆ ನಾನು ಎರಡನೆಯ ಸಲ ಹೋದ ದಿನ ಅವನು ಆ ಬಾಟಲಿಯಿಂದ ಮುಚ್ಚಳ ಮುಚ್ಚಳ ಅಳೆದು ತೊಟ್ಟಿಗೆ ಸುರಿಯುತ್ತಿದ್ದ. ವಾಸನೆ ಮೂಗಿಗೆ ಬಡಿದ ಕೂಡಲೇ ನನಗೆ ನಮ್ಮ ಲ್ಯಾಬಿನ ಹಿಂದಿನ ಕೋಣೆ ನೆನಪಾಯಿತು. ಬಾಟಲಿ ಕಿತ್ತುಕೊಂಡು ಹಿಂಬದಿಯ ಸಣ್ಣಕ್ಷರ ಓದಿದೆ. ಗ್ಲುಟರಾಲ್ಡಿಹೈಡ್.

"ಇದೇನಂತ ಗೊತ್ತೈತೇನು ನಿನಗ?" ಎಂದು ಮೈದುನನನ್ನು ಕೇಳಿದೆ.

"ಲಿಕ್ವಿಡ್ ಕಾರ್ಬನ್ ಅಂತರಿ. ಗಿಡದ ಆಹಾರ."

"ಆಸ್ಪತ್ರ್ಯಾಗ ಕತ್ತರಿ ಚಿಮಟಾ ತೊಳಿಯೂ ಔಷಧ ಇದು. ನಾವು ಸತ್ತ ಗಿಡದ ತುಂಡು ಕೆಡಬಾರದಂತ ಇದರಾಗ ಅದ್ದಿ ಇಡತಿದ್ವಿ. ಬ್ಯಾರೆ ಗಿಡ ತಡಕೊಂಡಾವು. ಈ ಹುಲ್ಲು ತಡಕೊಳ್ಳೂದಿಲ್ಲ, ಕರಗಿ ಹೋಗತೈತಿ."

ಮೈದುನ ಕನ್ಸಲ್ಟೆಂಟನ ಮುಖ ನೋಡಿದ. ಕನ್ಸಲ್ಟೆಂಟ್ ಬಾಟಲಿಯನ್ನು ನನ್ನ ಕೈಯಿಂದ ಮೆತ್ತಗೆ ಬಿಡಿಸಿಕೊಂಡು, ಇದು ಇಂಪೋರ್ಟೆಡ್ ಮೇಡಂ ಎಂದ. ಅಲ್ಲಿಗೆ ಆ ಚರ್ಚೆ ಮುಗಿಯಿತು. ಇಂಪೋರ್ಟೆಡ್ ಎಂಬ ಶಬ್ದದ ಮುಂದೆ ನನ್ನ ಮೈದುನ ಇಡೀ ಜನ್ಮದಲ್ಲಿ ಒಂದು ಪ್ರಶ್ನೆಯನ್ನೂ ಕೇಳಿದ್ದಿಲ್ಲ.

ಒಂದು ವಾರದೊಳಗೆ ಆರು ಅಡಿ ತೊಟ್ಟಿಯಲ್ಲಿ ಹುಲ್ಲಿನ ಹೆಸರಿಗೆ ಉಳಿದದ್ದು ಸೀಸದ ತಂತಿಗಳು ಮಾತ್ರ.

ನನ್ನ ಮನೆಯಲ್ಲೂ ಅದೇ ಗಿಡ ಇತ್ತೆಂಬುದನ್ನು ಇಲ್ಲಿ ಹೇಳಬೇಕು. ನಾನು ನಿವೃತ್ತಳಾದ ವರ್ಷ ಕಾಲೇಜಿನವರು ಸಸ್ಯಶಾಸ್ತ್ರ ವಿಭಾಗದ ಹಿಂದಿದ್ದ ಸಿಮೆಂಟಿನ ನೀರುತೊಟ್ಟಿ ಒಡೆದು ಗಾಡಿ ನಿಲ್ಲಿಸಲು ಜಾಗ ಮಾಡಿದರು. ಸಸ್ಯಶಾಸ್ತ್ರದವರೇ ಅದಕ್ಕೆ ಒಪ್ಪಿಗೆ ಬರೆದುಕೊಟ್ಟರು. ಅವರ ಬಗ್ಗೆ ಮಾತಾಡಿ ನಾಲಿಗೆ ಹೊಲಸು ಮಾಡಿಕೊಳ್ಳುವುದಿಲ್ಲ. ಒಡೆಯುವ ಮುಂಜಾನೆ ನಾನು ಹೋಗಿ ಊಟದ ಡಬ್ಬಿಯಲ್ಲಿ ಒಂದೇ ಬಳ್ಳಿಯ ನಾಲ್ಕು ಗಿಡ ಹಾಕಿಕೊಂಡು ಬಂದಿದ್ದೆ. ಒಂದು ಹಳೆಯ ಗಾಜಿನ ತೊಟ್ಟಿ, ತಳಕ್ಕೆ ಹೂಕುಂಡದ ಮಣ್ಣು, ಅದರ ಮೇಲೆ ಎರಡು ಬೆರಳು ಮರಳು, ಬೋರಿನ ನೀರು, ಪೂರ್ವದ ಕಿಟಕಿ. ಇಷ್ಟೇ. ಮೊದಲು ಎಲೆಯೆಲ್ಲ ಕರಗಿ ಬೋಳಾದವು. ಒಂದು ತಿಂಗಳ ಮೇಲೆ ಹೊಸ ಎಲೆ ಬಂತು. ಆಮೇಲೆ ಬುಡದಿಂದ ಮರಳೊಳಗೆ ಬಳ್ಳಿ ಹರಿದು, ಗೇಣಿಗೊಂದು ಮರಿಗಿಡ ಎದ್ದು, ಎರಡನೆಯ ವರ್ಷಕ್ಕೆ ಎಲೆಗಳು ನೀರಿನ ಮೇಲಕ್ಕೆ ಬಂದು ಮಡಚಿ ಮಲಗಿದವು.

"ಪಾಪ, ನಾಕ ಗಿಡ ಕೊಡ ಅವಗ," ಎಂದು ಗಂಡ ದಿನಾ ಶುರು ಮಾಡಿದರು.

"ನಿಮ್ಮ ತಮ್ಮಗ ಪ್ಲಾಸ್ಟಿಕ್ ಹುಲ್ಲು ಹಾಕಾಕ ಹೇಳ್ರಿ. ಬೇಗಂ ಬಜಾರದಾಗ ಚೀಲಗಟ್ಟಲೆ ಸಿಗತೈತಿ. ಸಾಯೂದಿಲ್ಲ ಅದು."

"ಅವ ಕೇಳಿದ್ರ ಕೊಡತೀಯೇನು?"

"ಬಂದು ಕೇಳಲಿ."

ಬಂದ. ನಮ್ಮ ಓಣಿಗೆ ಅವನ ಕಾರು ಹೊಗುವುದಿಲ್ಲ. ಮುಖ್ಯ ರಸ್ತೆಯಲ್ಲೇ ಬಿಟ್ಟು, ಬಿಸಿಲಲ್ಲಿ ನಡೆದು, ಅಂಗಿ ಬೆನ್ನಿಗೆ ಅಂಟಿಸಿಕೊಂಡು ಬಂದ. ನೀರು ಕುಡಿಯದೆ ನೇರ ಕಿಟಕಿಯ ಹತ್ತಿರ ಹೋಗಿ ನಿಂತ. ಬೆಳಗಿನ ಬೆಳಕು ಎಲೆಗಳ ಮೂಲಕ ಹಾಯ್ದು ಗೋಡೆಯ ಮೇಲೆ ಹಸಿರಾಗಿ ಬಿದ್ದಿತ್ತು. ಎಲೆಯ ಅಂಚಿನಿಂದ ಗುಳ್ಳೆಗಳು ಒಂದರ ಹಿಂದೊಂದು ಏಳುತ್ತಿದ್ದವು, ಯಾವ ಸಿಲಿಂಡರೂ ಇಲ್ಲದೆ.

"ಇದಕ್ಕ ಏನ ಹಾಕ್ತೀರಿ ವೈನಿ?"

"ಏನೂ ಹಾಕೂದಿಲ್ಲ."

"ಖರೇನ ಹೇಳ್ರಿ. ಏನರ ಹಾಕೇ ಹಾಕ್ತೀರಿ."

"ಬೋರಿನ ನೀರು."

"ನನ್ನ ಮುಂದ ಮುಚ್ಚಿಡಾಕತ್ತೀರಿ ನೀವು," ಅಂದ, ನಿಜವಾಗಿಯೂ ನೊಂದುಕೊಂಡು. ಏನೂ ಹಾಕದೆ ಏನಾದರೂ ಬೆಳೆಯುತ್ತದೆಂದು ಅವನಿಗೆ ನಂಬಲಾಗಲಿಲ್ಲ. ನಾನು ಅವನನ್ನು ಎಂದಿಗಿಂತ ಹೆಚ್ಚು ಕೀಳಾಗಿ ಕಂಡದ್ದು ಆ ಗಳಿಗೆಯಲ್ಲಿ. ಬಹುಶಃ ಅದಕ್ಕೇ ಕೊಟ್ಟೆ. ಹನ್ನೆರಡು ಗಿಡ, ಒದ್ದೆ ಪತ್ರಿಕೆಯಲ್ಲಿ ಸುತ್ತಿ. ಕೊಡುವಾಗ ಪಾಠ ಒಪ್ಪಿಸುವ ಹುಡುಗನ ಹಾಗೆ ನಿಲ್ಲಿಸಿ ಹೇಳಿದೆ: ಬೋರಿನ ನೀರು ತುಂಬಿಸು, ಬೇರು ಮಾತ್ರ ಹೂಳು, ಕತ್ತರಿ ಮುಟ್ಟಬೇಡ, ಬಾಟಲಿ ಮುಟ್ಟಬೇಡ, ಎಲೆ ಕರಗಿದರೆ ಹೆದರಬೇಡ, ಒಂದು ತಿಂಗಳು ಕೈ ಕಟ್ಟಿಕೊಂಡು ಕೂತುಕೋ.

"ಮತ್ತ ಅಂಗಡೀ ಗಿಡ ಇದರ ಜೋಡಿ ಕಲಸಬ್ಯಾಡ. ಇದು ನಮ್ಮ ಕಾಲೇಜಿಂದು. ಯಾವುದರ ಜೋಡೀನೂ ಕೂಡಿಲ್ಲ ಇಲ್ಲೀತನಕ."

"ಆಣಿ ಮಾಡ್ತೀನ್ರಿ," ಎಂದು ಕಂಠ ಮುಟ್ಟಿಕೊಂಡ.

ಆ ತಿಂಗಳು ಅವನಿಂದ ನನಗೆ ಬಂದಷ್ಟು ಫೋನು ಮದುವೆಯಾದಂದಿನಿಂದ ಬಂದಿರಲಿಲ್ಲ. "ವೈನಿ, ಸಾಯಾಕತ್ತಾವು." "ಕಾಯಿ." "ವೈನಿ, ಬರೇ ಬುಡ ಉಳದೈತಿ." "ಕಾಯಿ." "ವೈನಿ, ಕನ್ಸಲ್ಟೆಂಟ್ ಅನ್ನಾಕತ್ತಾನ..." ನಾನು ಫೋನ್ ಇಟ್ಟುಬಿಡುತ್ತಿದ್ದೆ. ಐದನೆಯ ವಾರ ಫೋನು ನಿಂತಿತು. ಅಂದರೆ ಎಲೆ ಬಂದಿದೆ ಎಂದರ್ಥ. ಕಷ್ಟ ಬಂದಾಗ ಕರೆಯುವವರು ಸುಖ ಬಂದಾಗ ಕರೆಯುವುದಿಲ್ಲ ಎಂಬುದನ್ನು ನಾನು ಆ ಮನೆತನದಲ್ಲಿ ಸಾಕಷ್ಟು ಕಂಡಿದ್ದೆ.

ಮತ್ತೆ ಕರೆ ಬಂದದ್ದು ಏಳೆಂಟು ತಿಂಗಳ ನಂತರ, ಅವನ ಐವತ್ತೈದನೆಯ ಹುಟ್ಟುಹಬ್ಬಕ್ಕೆ. ಹೋಗಿ ನೋಡಿದೆ. ತೊಟ್ಟಿಯ ಹಿಂಬದಿ ಪೂರ್ತಿ ಹುಲ್ಲು. ತಳದಿಂದ ಮೇಲಿನವರೆಗೆ ಎರಡೂವರೆ ಅಡಿ, ಮೇಲೆ ಬಾಗಿ ಮತ್ತೆರಡು ಅಡಿ. ಫಿಲ್ಟರಿನ ನೀರಿನ ಸೆಳೆತಕ್ಕೆ ಇಡೀ ಹಸಿರು ಒಂದೇ ಕಡೆ ವಾಲಿ ನಿಧಾನ ಆಡುತ್ತಿತ್ತು. ಮೂಲೆಯಲ್ಲಿ ಹೆದರಿ ಕೂತಿದ್ದ ಮೀನುಗಳು ಈಗ ಅದರ ಸಂದಿಯಲ್ಲಿ ನುಸುಳುತ್ತಿದ್ದವು.

ಮೈದುನ ತನ್ನ ವ್ಯವಹಾರದ ಗೆಳೆಯರನ್ನು ತೊಟ್ಟಿಯ ಮುಂದೆ ನಿಲ್ಲಿಸಿಕೊಂಡು ತೆಲುಗಿನಲ್ಲಿ ವಿವರಿಸುತ್ತಿದ್ದ. ಇದು ಅಪರೂಪದ ತಳಿ, ಅಂಗಡಿಯಲ್ಲಿ ಸಿಗುವುದಲ್ಲ, ಬಹಳ ಸಂಶೋಧನೆ ಮಾಡಿ ತಾನೇ ಒಂದು ಪದ್ಧತಿ ಕಂಡುಹಿಡಿದಿದ್ದೇನೆ, ಗುಟ್ಟೆಲ್ಲ ನೀರಿನಲ್ಲಿದೆ. ಅವರು ತಲೆಯಾಡಿಸುತ್ತಿದ್ದರು. ಒಬ್ಬ ತನ್ನ ಆಫೀಸಿಗೂ ಒಂದು ಮಾಡಿಸಿಕೊಡು ಅಂದ. ಹತ್ತು ಹೆಜ್ಜೆ ಆಚೆ ಕುರ್ಚಿಯಲ್ಲಿ ಕೇಕಿನ ತಟ್ಟೆ ಹಿಡಿದು ಕೂತಿದ್ದ ನನ್ನ ಕಡೆಗೆ ಮೈದುನ ಒಂದು ಸಲವೂ ನೋಡಲಿಲ್ಲ. ಗಂಡ ನನ್ನ ಕೈ ಅದುಮಿ, "ಹೋಗಲಿ ಬಿಡ," ಎಂದರು. ಕೇಕು ಅರ್ಧಕ್ಕೆ ಬಿಟ್ಟು ಎದ್ದೆ.

ಇನ್ನು ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದುಕೊಂಡೆ. ಮಾರ್ಚ್ ತಿಂಗಳವರೆಗೂ ತುಳಿಯಲಿಲ್ಲ.

ಮಾರ್ಚಿನ ಒಂದು ಬೆಳಿಗ್ಗೆ ಅವನೇ ಫೋನ್ ಮಾಡಿದ. ಕನ್ಸಲ್ಟೆಂಟ್ ಯಾವುದೋ ಹೋಟೆಲಿನ ಕೆಲಸ ಹಿಡಿದು ಇವನನ್ನು ಮರೆತಿದ್ದ. ಫಿಲ್ಟರ್ ಕೆಟ್ಟು ಹತ್ತು ದಿನವಾಗಿತ್ತು, ಯಾರೂ ರಿಪೇರಿ ಮಾಡಿರಲಿಲ್ಲ.

"ವೈನಿ, ನೀರ ಮ್ಯಾಲ ಹೊಲಸ ಕಟ್ಟೈತಿ. ಬಿಳೀ ಪುಡಿ ಉದುರಿಸಿದಂಗ. ಮತ್ತ ಬುಡದಿಂದ ದಾರದಂಥಾದು ಏನೇನೋ ಮ್ಯಾಲ ಬಂದಾವು, ಸುರುಳಿ ಸುರುಳಿ. ಹುಳಾ ಏನ್ರಿ ಅವು?"

"ಮುಟ್ಟಬ್ಯಾಡ. ಯಾರಿಗೂ ಮುಟ್ಟಾಕ ಕೊಡಬ್ಯಾಡ," ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿದೆ. ಮೆಟ್ರೋದಲ್ಲಿ ಕೊನೆಯ ನಿಲ್ದಾಣದವರೆಗೆ ಹೋಗಿ ಅಲ್ಲಿಂದ ಆಟೋ ಹಿಡಿದೆ. ಪರ್ಸಿನಲ್ಲಿ ನನ್ನ ಹಳೆಯ ಭೂತಗನ್ನಡಿ ಇದೆಯೇ ಎಂದು ದಾರಿಯಲ್ಲಿ ಮೂರು ಸಲ ಮುಟ್ಟಿ ನೋಡಿಕೊಂಡೆ.

ವ್ಯಾಲಿಸ್ನೇರಿಯದಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಹೆಣ್ಣು ಹೂವು ದಾರದಂಥ ಉದ್ದ ತೊಟ್ಟಿನ ಮೇಲೆ ನೀರಿನ ಮೇಲ್ಮೈಗೆ ಏರಿ ಬರುತ್ತದೆ. ಗಂಡು ಹೂವುಗಳು ಕೆಳಗೆ ಬುಡದಲ್ಲಿ ಒಂದು ಚೀಲದೊಳಗೆ ನೂರುಗಟ್ಟಲೆ ಇರುತ್ತವೆ. ಹೊತ್ತು ಬಂದಾಗ ತೊಟ್ಟು ಕಳಚಿ, ಗುಳ್ಳೆಗಳ ಹಾಗೆ ಮೇಲೆದ್ದು, ನೀರಿನ ಮೇಲೆ ಅರಳಿ, ತೇಲುತ್ತ ಹೆಣ್ಣು ಹೂವನ್ನು ಮುಟ್ಟುತ್ತವೆ. ನೀರು ಅಲುಗಾಡಿದರೆ ಈ ಕೆಲಸ ಆಗುವುದಿಲ್ಲ. ಇದನ್ನು ನಾನು ಮೂವತ್ತೊಂದು ವರ್ಷ, ವರ್ಷಕ್ಕೊಂದು ಸಲ, ಬಣ್ಣದ ಸೀಮೆಸುಣ್ಣದಲ್ಲಿ ಬೋರ್ಡಿನ ಮೇಲೆ ಬರೆದು ಕಲಿಸಿದ್ದೆ. ಚಿತ್ರ ಸರಿಯಿಲ್ಲವೆಂದು ಹುಡುಗಿಯರ ಅಂಕ ಕತ್ತರಿಸಿದ್ದೆ.

ಕಣ್ಣಾರೆ ಒಂದು ಸಲವೂ ಕಂಡಿರಲಿಲ್ಲ.

ಮೈದುನ ಬಾಗಿಲಲ್ಲೇ ಕಾಯುತ್ತಿದ್ದ. ನಾನು ಊಟದ ಕುರ್ಚಿ ಎಳೆದು ಅದರ ಮೇಲೆ ಹತ್ತಿ ನಿಂತು ತೊಟ್ಟಿಯ ಮೇಲಿನಿಂದ ನೋಡಿದೆ. ಬಿದ್ದೀರಿ ವೈನಿ ಎಂದು ಅವನು ಕುರ್ಚಿ ಗಟ್ಟಿಯಾಗಿ ಹಿಡಿದುಕೊಂಡ. ನೀರು ಕನ್ನಡಿಯ ಹಾಗೆ ನಿಂತಿತ್ತು. ಅದರ ಮೇಲೆ ಗಸಗಸೆಗಿಂತ ಸಣ್ಣ ಬಿಳಿ ಕಾಳುಗಳು, ಸಾವಿರಾರು. ಭೂತಗನ್ನಡಿ ಹಿಡಿದಾಗ ಒಂದೊಂದೂ ಹೂವು. ಮೂರು ದಳ ಹಿಂದಕ್ಕೆ ಮಡಚಿ, ಅವುಗಳ ಮೇಲೆ ದೋಣಿಯ ಹಾಗೆ ನಿಂತಿತ್ತು. ಅಲ್ಲಲ್ಲಿ ಹೆಣ್ಣು ಹೂವು. ಹೆಣ್ಣು ಹೂವಿನ ಸುತ್ತ ನೀರಿನ ಮೈ ಒಂದು ಚೂರು ತಗ್ಗಿ ಬಟ್ಟಲಿನಂತಾಗಿತ್ತು. ನಾನು ಉಸಿರು ಹಿಡಿದು ನೋಡುತ್ತಿದ್ದಂತೆ ಒಂದು ಬಿಳಿ ಕಾಳು ತೇಲುತ್ತ ಆ ಬಟ್ಟಲಿನ ಅಂಚಿಗೆ ಬಂದು, ಅಲ್ಲಿ ಗಳಿಗೆ ನಿಂತು, ಜಾರಿ ಒಳಗೆ ಬಿತ್ತು.

ಯಾವ ಪುಸ್ತಕದ ಚಿತ್ರದಲ್ಲೂ ಆ ಜಾರುವಿಕೆ ಇಲ್ಲ.

"ಏನ್ರಿ ಅದು?" ಮೈದುನ ಕೆಳಗಿನಿಂದ ಕೇಳಿದ.

ಇಳಿದು ಅವನನ್ನು ಹತ್ತಿಸಿದೆ. ಭೂತಗನ್ನಡಿ ಕೈಗೆ ಕೊಟ್ಟೆ. ಈಗ ನಾನು ಕುರ್ಚಿ ಹಿಡಿದೆ. ಎಲ್ಲಿ ನೋಡಬೇಕೆಂದು ಹೇಳುತ್ತ ಹೋದೆ, ನಾನೂ ಇದನ್ನು ಮೊದಲ ಸಲ ಕಾಣುತ್ತಿರುವುದೆಂದೂ ಹೇಳಿದೆ. ಅವನು ಬಹಳ ಹೊತ್ತು ನೋಡಿದ. ಜೇಬಿನಲ್ಲಿ ಫೋನು ಎರಡು ಸಲ ಬಡಿದುಕೊಂಡರೂ ತೆಗೆಯಲಿಲ್ಲ. ಆಮೇಲೆ, "ವೈನಿ, ಇನ್ನೊಂದು ಬಿತ್ತು ಒಳಗ," ಎಂದ, ಪಿಸುಮಾತಿನಲ್ಲಿ.

ಇಳಿದ ಮೇಲೆ ಒಂದು ಪ್ರಶ್ನೆ ಕೇಳಿದ. ಅವನು ನನಗೆ ಕೇಳಿದ ಮೊದಲ ಬುದ್ಧಿವಂತ ಪ್ರಶ್ನೆ ಅದು.

"ನಿಮ್ಮ ಮನ್ಯಾಗ ಯಾಕ ಹಿಂಗ ಆಗಿಲ್ಲ?"

ನಾನು ಯೋಚಿಸಿದೆ. ನನ್ನ ಗಿಡಗಳೆಲ್ಲ ಬಳ್ಳಿಯಿಂದ ಬಳ್ಳಿಗೆ ಬಂದವು; ಒಂದೇ ಗಿಡದ ಮಕ್ಕಳು, ಎಲ್ಲ ಹೆಣ್ಣು ಅಥವಾ ಎಲ್ಲ ಗಂಡು. ಹಾಗಾದರೆ ಇಲ್ಲಿ ಎರಡೂ ಹೇಗೆ ಬಂದವು? ಅವನ ಮುಖ ನೋಡಿದೆ. ಅವನು ನೆಲ ನೋಡಿದ.

"ಅಂಗಡೀ ಗಿಡ ಹಾಕಿದ್ಯಾ?"

"ಆರ ಹಾಕಿದ್ನಿರಿ. ಬ್ಯಾಸರ ಆಗಿ. ನಿಮ್ಮವು ಬೋಳಾಗಿದ್ವು, ನೋಡಾಕ ಆಗಲಿಲ್ಲ. ಆಣಿ ಮುರದೆ."

ಆಣೆ ಮುರಿದು, ಫಿಲ್ಟರ್ ಕೆಡಿಸಿ, ಹತ್ತು ದಿನ ಸೋಮಾರಿಯಾಗಿ ಕೂತದ್ದಕ್ಕೆ ಅವನ ಮನೆಯಲ್ಲಿ ಹೂವಾಯಿತು. ನಾನು ಅವನಿಗೆ ಕಲಿಸಿದ್ದನ್ನೆಲ್ಲ ಅವನು ಪಾಲಿಸಿದ್ದರೆ ಆಗುತ್ತಿರಲಿಲ್ಲ. ಕುಟುಂಬದ ಇತಿಹಾಸದಲ್ಲಿ ಅವನ ದಡ್ಡತನದಿಂದ ಒಳ್ಳೆಯದಾದ ಪ್ರಸಂಗ ಇದೊಂದೇ, ಮತ್ತು ಅದು ನನ್ನ ಪಾಲಿಗೇ ಬಂತು.

ಆದರೆ ನನ್ನನ್ನು ಚುಚ್ಚಿದ್ದು ಅದಲ್ಲ. ತೊಟ್ಟಿಯ ಪಕ್ಕಕ್ಕೆ ಬಂದು ಗಾಜಿನ ಮೂಲಕ ಆ ಬಿಳಿ ದಾರಗಳನ್ನು ನೋಡಿದಾಗ ಅವು ನನಗೆ ಚೆನ್ನಾಗಿ ಪರಿಚಯವಿದ್ದವು. ನನ್ನ ಕಿಟಕಿಯ ತೊಟ್ಟಿಯಲ್ಲೂ ಪ್ರತಿ ಬೇಸಿಗೆ ಬರುತ್ತಿದ್ದವು. ಎಲೆಗಳ ಜೊಂಪಿನ ನಡುವೆ ಸುರುಳಿ ಸುರುಳಿ. ನಾನು ಕೊಳೆತ ಬೇರೆಂದುಕೊಂಡು ಶುಕ್ರವಾರಕ್ಕೊಮ್ಮೆ ಕೈಹಾಕಿ ಕಿತ್ತು ತುಳಸಿಯ ಬುಡಕ್ಕೆ ಎಸೆಯುತ್ತಿದ್ದೆ. ಅವು ಹೆಣ್ಣು ಹೂವಿನ ತೊಟ್ಟುಗಳು. ಮೂವತ್ತೊಂದು ವರ್ಷ ಕಲಿಸಿದವಳು ಬಗ್ಗಿ ತುದಿಯಲ್ಲಿ ಏನಿದೆ ಎಂದು ನೋಡಿರಲಿಲ್ಲ. ಮೈದುನ ಕನಿಷ್ಠ ಇದೇನೆಂದು ಕೇಳಿದ್ದ.

ಅವನಿಗೆ ಇದನ್ನು ಹೇಳಿದೆ. ಯಾಕೆ ಹೇಳಿದೆನೋ, ಅವನಿಗೆ ನನ್ನ ಬಾಯಿಂದ ತಪ್ಪೊಪ್ಪಿಗೆ ಕೇಳಿ ಅಭ್ಯಾಸವೇ ಇರಲಿಲ್ಲ. ಅವನು ನಗಲಿಲ್ಲ. "ಚಾ ಕುಡೀರಿ ವೈನಿ," ಎಂದು ಒಳಗೆ ಹೋಗಿ ತಾನೇ ಮಾಡಿಕೊಂಡು ಬಂದ. ಸಕ್ಕರೆ ಹೆಚ್ಚಾಗಿತ್ತು. ಇಬ್ಬರೂ ತೊಟ್ಟಿಯ ಮುಂದೆ ಕೂತು ಮಧ್ಯಾಹ್ನದವರೆಗೆ ನೋಡಿದೆವು.

ಎರಡು ದಿನ ಬಿಟ್ಟು ಕನ್ಸಲ್ಟೆಂಟ್ ಹೊಸ ಫಿಲ್ಟರ್ ಹಿಡಿದು ಪ್ರತ್ಯಕ್ಷನಾದನಂತೆ. ನೀರಿನ ಮೇಲಿನ ಹೊಲಸು ಹತ್ತು ನಿಮಿಷದಲ್ಲಿ ತೆಗೆಯುತ್ತೇನೆ ಎಂದು ಜಾಲರಿ ಎತ್ತಿದ್ದನಂತೆ. ಮೈದುನ ಅವನ ಕೈ ಹಿಡಿದು ಹೊರಗೆ ಕಳಿಸಿದ. ಇದನ್ನು ಅವನೇ ಫೋನಿನಲ್ಲಿ ಹೇಳಿದಾಗ ನನ್ನೊಳಗೆ ಏನೋ ಸಡಿಲಾಯಿತು. ಇಷ್ಟು ವರ್ಷ ಒಬ್ಬ ಮನುಷ್ಯನನ್ನು ತಪ್ಪಾಗಿ ಅಳೆದೆನೇನೋ ಎಂದುಕೊಳ್ಳುವಷ್ಟರಲ್ಲಿ ಅವನು ಮುಂದುವರಿಸಿದ:

"ವೈನಿ, ಅದರ ಫೋಟೋ ಭಾಳ ಚೊಲೋ ಬಂದಾವು. ಹೊಸಾ ಪ್ರಾಜೆಕ್ಟಿನ ಬ್ರೋಶರಿಗೆ ಹಾಕಾಕತ್ತೀನಿ. 'ಜೀವಂತ ಕೆರೆಯ ದಂಡೆಯಲ್ಲಿ ನಿಮ್ಮ ಮನೆ' ಅಂತ. ಕೆಳಗ ನಿಮ್ಮ ಹೆಸರೂ ಹಾಕ್ಲೇನು?"

ನಾನು ಫೋನ್ ಇಟ್ಟೆ. ಗಂಡ ಏನಾಯಿತೆಂದು ಕೇಳಿದರು. "ಏನೂ ಆಗಿಲ್ಲ. ನಿಮ್ಮ ತಮ್ಮ ಆರಾಮ ಅದಾನ," ಎಂದೆ.

ಆದರೂ ಅದಾದ ಮೇಲೆ ನಾನು ಆ ಮನೆಗೆ ಹೋಗುತ್ತ ಬಂದೆ. ಮಂಗಳವಾರ ಹೋಗುತ್ತಿದ್ದೆ, ಆ ದಿನ ಅವನು ಸೈಟಿನಲ್ಲಿರುತ್ತಿದ್ದ. ಹೂವು ಕೂಡಿದ ಮೇಲೆ ಹೆಣ್ಣು ಹೂವಿನ ತೊಟ್ಟು ಸ್ಪ್ರಿಂಗಿನ ಹಾಗೆ ಬಿಗಿಯಾಗಿ ಸುತ್ತಿಕೊಳ್ಳುತ್ತ ಕಾಯನ್ನು ನೀರಿನಡಿಗೆ ಎಳೆದುಕೊಳ್ಳುತ್ತದೆ. ಒಂದು ವಾರಕ್ಕೆ ಅರ್ಧ ಇಳಿದಿತ್ತು, ಇನ್ನೊಂದು ವಾರಕ್ಕೆ ಬುಡ ಮುಟ್ಟಿತ್ತು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ, ಚಿತ್ರ ಬಿಡಿಸಿದೆ. ಈ ಸಲ ನೋಡಿ ಬಿಡಿಸಿದ ಚಿತ್ರ. ಒಂದು ಮಂಗಳವಾರ ಅವನು ಸೈಟಿಗೆ ಹೋಗದೆ ಮನೆಯಲ್ಲೇ ಉಳಿದಿದ್ದ. ನಾನು ಬರೆಯುತ್ತಿರುವುದನ್ನು ಹೆಗಲ ಮೇಲಿನಿಂದ ಇಣುಕಿ ನೋಡಿ, ಈ ದಾರಕ್ಕೆ ಕಾಯಿ ಕೆಳಗೆಳೆಯಬೇಕೆಂದು ಯಾರು ಹೇಳಿದರು ಎಂದು ಕೇಳಿದ. ಗೊತ್ತಿಲ್ಲ ಅಂದೆ. ಗೊತ್ತಿರಲಿಲ್ಲ.

ಮಳೆಗಾಲ ಬರುವ ಹೊತ್ತಿಗೆ ಅವನ ಆಸಕ್ತಿ ಬೇರೆಡೆ ತಿರುಗಿತ್ತು. ಈಗ ಜೇನು ಸಾಕುವ ಮಾತಾಡುತ್ತಿದ್ದ, ಹನ್ನೊಂದನೆಯ ಮಹಡಿಯಲ್ಲಿ. ತೊಟ್ಟಿಯನ್ನು ಯಾವುದೋ ದಂತವೈದ್ಯರಿಗೆ ಕೊಟ್ಟುಬಿಡುವುದೆಂದು ತೀರ್ಮಾನವಾಯಿತು. ಕೊಡುವ ಮುನ್ನಾದಿನ ನಾನು ಬಕೆಟ್ಟು ಹಿಡಿದು ಹೋದೆ. ಅವನು ಪ್ಯಾಂಟು ಮಡಚಿ, ತೋಳು ಭುಜದವರೆಗೆ ಮುಳುಗಿಸಿ, ಯಾವ ಗಿಡದಿಂದ ಗಂಡು ಹೂವು ಎದ್ದಿತ್ತೆಂದು ನಾನು ತೋರಿಸಿದ ಕಡೆ ಮರಳು ಕೆದಕಿ ಒಂದೊಂದೇ ಬಿಡಿಸಿಕೊಟ್ಟ. ಬೇರು ಹರಿಯದಂತೆ ತೆಗೆದ. ಅಷ್ಟು ಮೆತ್ತಗೆ ಅವನ ಕೈ ಕೆಲಸ ಮಾಡುವುದನ್ನು ನಾನು ಮೊದಲು ಕಂಡಿರಲಿಲ್ಲ.

ತಂದ ಐದು ಗಿಡಗಳಲ್ಲಿ ಮೂರು ಉಳಿದಿವೆ. ನನ್ನ ಹೆಣ್ಣು ಗಿಡಗಳ ನಡುವೆ ಬೇರು ಹಿಡಿದು ಈಗ ಹೊಸ ಎಲೆ ಬಿಟ್ಟಿವೆ. ಬೇಸಿಗೆ ಬರಲಿ ಎಂದು ಕಾಯುತ್ತಿದ್ದೇನೆ. ಮೊನ್ನೆ ಮೈದುನ ಫೋನ್ ಮಾಡಿ, ಹೂವಾದಾಗ ತನ್ನನ್ನು ಕರೆಯಲೇಬೇಕೆಂದು ಹೇಳಿದ. ಜೇನು ಕಚ್ಚಿ ಅವನ ಕಣ್ಣು ಬಾತುಕೊಂಡಿತ್ತಂತೆ. ಕರೆಯುತ್ತೇನೆ ಅಂದೆ.